ಬಾದಾಮಿ ಹಿಟ್ಟೋ, ತೆಂಗಿನ ಹಿಟ್ಟೋ? ಧಾನ್ಯವಿಲ್ಲದ ಪ್ಯಾನ್‌ಕೇಕ್, ವಾಫಲ್ ಮಾಡುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ವಾಫಲ್ ಮಾಡುವುದಾದರೆ ಬಾದಾಮಿ ಹಿಟ್ಟು ತೆಗೆದುಕೊಳ್ಳಿ. ಪ್ಯಾನ್‌ಕೇಕ್ ಮಾಡುವುದಾದರೆ ಬಾದಾಮಿ ಹಿಟ್ಟಿಗೆ ಸ್ವಲ್ಪ ತೆಂಗಿನ ಹಿಟ್ಟು ಬೆರೆಸಿ. ಬರೀ ತೆಂಗಿನ ಹಿಟ್ಟಿನಲ್ಲಿ ಮಾಡುವುದು ಬಾದಾಮಿ ಮೈಗೆ ಆಗದವರು ಹಿಡಿಯಬೇಕಾದ ದಾರಿ. ಮೊಟ್ಟೆ ತಿನ್ನದವರು ತೆಂಗಿನ ಹಿಟ್ಟಿನ ಗೊಡವೆಗೇ ಹೋಗಬೇಡಿ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ ಒಲೆ ಹಚ್ಚಬಹುದು. ಆದರೆ ಯಾಕೆ ಹೀಗೆ ಅನ್ನೋದು ಗೊತ್ತಿದ್ದರೆ ಒಳ್ಳೆಯದು. ಈ ಎರಡು ಹಿಟ್ಟುಗಳು ಪ್ರತಿ ಪ್ಯಾಕೆಟ್‌ನಲ್ಲೂ ಸ್ವಲ್ಪ ಬೇರೆ ಥರ ನಡೆದುಕೊಳ್ಳುತ್ತವೆ. ಬರೆದಿಟ್ಟ ಅಳತೆಯನ್ನು ಕಣ್ಣುಮುಚ್ಚಿ ನಂಬಿದರೆ ಒಂದು ದಿನ ಚೆನ್ನಾಗಿ ಬರುತ್ತದೆ, ಇನ್ನೊಂದು ದಿನ ಕೈಕೊಡುತ್ತದೆ.

ಒಂದು ಜಿಡ್ಡು ತರುತ್ತದೆ, ಇನ್ನೊಂದು ನೀರು ಕುಡಿಯುತ್ತದೆ

ಗೋಧಿ ಅಥವಾ ಮೈದಾ ಹಿಟ್ಟಿನಲ್ಲಿ ಗ್ಲುಟೆನ್ ಅನ್ನುವ ಅಂಟು ಪ್ರೋಟೀನ್ ಇದೆ, ಪಿಷ್ಟವೂ ಇದೆ. ಗ್ಲುಟೆನ್ ಹಿಡಿದಿಟ್ಟುಕೊಳ್ಳುತ್ತದೆ, ಪಿಷ್ಟ ಬೆಂದು ಗಟ್ಟಿಯಾಗುತ್ತದೆ. ಬಾದಾಮಿಯಲ್ಲಿ, ತೆಂಗಿನಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಪಿಷ್ಟವೂ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಹಿಡಿದಿಡುವ ಕೆಲಸವೆಲ್ಲ ಮೊಟ್ಟೆಯ ತಲೆ ಮೇಲೆ ಬೀಳುತ್ತದೆ. ಧಾನ್ಯವಿಲ್ಲದ ಪ್ಯಾನ್‌ಕೇಕ್ ಅಂದರೆ ನಿಜವಾಗಿ ಹಿಟ್ಟು ಬೆರೆಸಿದ ಮೊಟ್ಟೆ. ಯಾವ ಹಿಟ್ಟು ಬೆರೆಸಿದಿರಿ ಅನ್ನುವುದರ ಮೇಲೆ ಅದು ಆಮ್ಲೆಟ್ ಕಡೆ ವಾಲುತ್ತದೋ ಕೇಕ್ ಕಡೆ ವಾಲುತ್ತದೋ ತೀರ್ಮಾನವಾಗುತ್ತದೆ.

ಬಾದಾಮಿಯ ತೂಕದಲ್ಲಿ ಸುಮಾರು ಅರ್ಧ ಜಿಡ್ಡು. 100 ಗ್ರಾಂ ಬಾದಾಮಿ ಹಿಟ್ಟಿನಲ್ಲಿ 50 ಗ್ರಾಂ ಹತ್ತಿರ ಕೊಬ್ಬು, 20 ಗ್ರಾಂ ಚಿಲ್ಲರೆ ಪ್ರೋಟೀನ್ ಇರುತ್ತದೆ. ಜಿಡ್ಡು ಇರುವ ಹಿಟ್ಟು ನೀರನ್ನು ಅಷ್ಟಾಗಿ ಹೀರುವುದಿಲ್ಲ. ಕಲಸಿದಾಗ ಎಷ್ಟು ತೆಳ್ಳಗಿತ್ತೋ ಹತ್ತು ನಿಮಿಷ ಬಿಟ್ಟು ನೋಡಿದರೂ ಹೆಚ್ಚು ಕಡಿಮೆ ಅಷ್ಟೇ ತೆಳ್ಳಗಿರುತ್ತದೆ.

ತೆಂಗಿನ ಹಿಟ್ಟು ಇದಕ್ಕೆ ತದ್ವಿರುದ್ಧ. ಕಾಯಿಯಿಂದ ಹಾಲು ಅಥವಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಒಣಗಿಸಿ ನುಣ್ಣಗೆ ಬೀಸಿದರೆ ಸಿಗುವುದೇ ತೆಂಗಿನ ಹಿಟ್ಟು. ಜಿಡ್ಡು ಬಹುಪಾಲು ಹೋಗಿರುತ್ತದೆ. ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ನಾರು. ಈ ನಾರು ನೀರು ಕಂಡರೆ ಬಿಡುವುದಿಲ್ಲ.

ಒಮ್ಮೆ ಪಕ್ಕದಲ್ಲೇ ನಿಂತು ನೋಡಿ. ಮೂರು ಮೊಟ್ಟೆ, ಕಾಲು ಕಪ್ ಹಾಲು, ಕಾಲು ಕಪ್ ತೆಂಗಿನ ಹಿಟ್ಟು ಹಾಕಿ ಕದಡಿ. ಮೊದಲ ನಿಮಿಷ ನೀರು ನೀರು. "ಹಿಟ್ಟು ಕಡಿಮೆಯಾಯ್ತು, ಇನ್ನೊಂದು ಚಮಚ ಹಾಕೋಣ" ಅನಿಸುತ್ತದೆ. ಹಾಕಬೇಡಿ. ಎರಡನೇ ನಿಮಿಷಕ್ಕೆ ಚಮಚ ಎಳೆದ ಗೆರೆ ಒಂದು ಕ್ಷಣ ನಿಲ್ಲತೊಡಗುತ್ತದೆ. ಐದನೇ ನಿಮಿಷಕ್ಕೆ ಗೆರೆ ಮುಚ್ಚಿಕೊಳ್ಳುವುದೇ ಇಲ್ಲ. ಪಾತ್ರೆ ವಾಲಿಸಿದರೆ ಹಿಟ್ಟು ಹರಿಯುವುದಿಲ್ಲ, ಜಾರುತ್ತದೆ. ಆಗ ಒಂದೆರಡು ಚಮಚ ಹಾಲು ಹಾಕಿ ಸಡಿಲ ಮಾಡಿಕೊಳ್ಳಬೇಕು. ಆತುರಪಟ್ಟು ಹಿಟ್ಟು ಜಾಸ್ತಿ ಹಾಕಿದವರಿಗೆ ಕೊನೆಗೆ ಸಿಗುವುದು ಗಂಟಲಿಗೆ ಅಡರುವ ಒಣ ಪುಡಿ. ತೆಂಗಿನ ಹಿಟ್ಟಿನ ಮೇಲಿರುವ ದೂರುಗಳಲ್ಲಿ ಮುಕ್ಕಾಲು ಪಾಲು ಈ ಐದು ನಿಮಿಷ ಕಾಯದೆ ಬಂದದ್ದು.

ಇದರಿಂದ ಒಂದು ವಿಷಯ ಸ್ಪಷ್ಟ. ಒಂದರ ಬದಲು ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕುವಂತಿಲ್ಲ. ಒಂದು ಕಪ್ ಬಾದಾಮಿ ಹಿಟ್ಟಿನ ಜಾಗಕ್ಕೆ ಕಾಲು ಕಪ್ ತೆಂಗಿನ ಹಿಟ್ಟು ಸಾಕು. ಜೊತೆಗೆ ಮೊಟ್ಟೆಯೂ ಹೆಚ್ಚಬೇಕು. ಒಂದು ಕಪ್ ಬಾದಾಮಿ ಹಿಟ್ಟು ಎರಡು ಮೊಟ್ಟೆಯಲ್ಲಿ ಸುಧಾರಿಸಿಕೊಳ್ಳುತ್ತದೆ. ಕಾಲು ಕಪ್ ತೆಂಗಿನ ಹಿಟ್ಟಿಗೆ ಮೂರಾದರೂ ಬೇಕು.

ಪ್ಯಾಕೆಟ್ ಮೇಲೆ ಏನು ಬರೆದಿದೆ ನೋಡಿ

ಬಾದಾಮಿ ಹಿಟ್ಟಿನಲ್ಲಿ ಎರಡು ಥರ. ಸಿಪ್ಪೆ ತೆಗೆದು ನುಣ್ಣಗೆ ಮಾಡಿದ್ದು ಒಂದು, ಸಿಪ್ಪೆ ಸಮೇತ ತರಿತರಿಯಾಗಿ ಪುಡಿ ಮಾಡಿದ್ದು ಇನ್ನೊಂದು. ಮೊದಲನೆಯದು ಬೆಳ್ಳಗೆ, ಹಗುರ. ಎರಡನೆಯದರಲ್ಲಿ ಕಂದು ಚುಕ್ಕೆ ಕಾಣುತ್ತದೆ, ರುಚಿ ಸ್ವಲ್ಪ ಗಾಢ, ಬಾಯಿಗೆ ತರಿ ಸಿಗುತ್ತದೆ. ವಾಫಲ್‌ಗೆ ಈ ತರಿಪುಡಿ ಧಾರಾಳವಾಗಿ ನಡೆಯುತ್ತದೆ. ನನ್ನ ಬಾಯಿಗಂತೂ ಅದರಲ್ಲೇ ವಾಫಲ್ ಚೆನ್ನ. ಪ್ಯಾನ್‌ಕೇಕ್‌ಗೆ ಮಾತ್ರ ನುಣ್ಣನೆಯದೇ ಇರಲಿ. ತರಿಪುಡಿಯಲ್ಲಿ ಮಾಡಿದರೆ ಮಗುಚುವಾಗ ಅಂಚು ಒಡೆಯುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದು. ಬಾದಾಮಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಬಿಟ್ಟು ತೆಗೆದರೆ ಸಿಪ್ಪೆ ಬೆರಳಲ್ಲಿ ಒತ್ತಿದರೆ ಸಾಕು, ಜಾರಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮಿಕ್ಸಿಗೆ ಹಾಕಿ. ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮನೆ ಓಡಿಸಬೇಡಿ. ಬಿಸಿಯಾದರೆ ಜಿಡ್ಡು ಬಿಟ್ಟುಕೊಂಡು ಹಿಟ್ಟಿನ ಬದಲು ಬಾದಾಮಿ ಬೆಣ್ಣೆ ಸಿಗುತ್ತದೆ. ಜರಡಿ ಹಿಡಿದು ಮೇಲೆ ಉಳಿದ ತರಿಯನ್ನು ಮತ್ತೊಂದು ಸುತ್ತು ಹಾಕಿ.

ತೆಂಗಿನ ಕಡೆ ಆಗುವ ಗೊಂದಲ ಇದಕ್ಕಿಂತ ದೊಡ್ಡದು. ಒಣ ಕೊಬ್ಬರಿ ತುರಿ ಬೇರೆ, ತೆಂಗಿನ ಹಿಟ್ಟು ಬೇರೆ. ಕೊಬ್ಬರಿ ತುರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಹಾಗೇ ಇರುತ್ತದೆ. ಅದನ್ನು ಎಷ್ಟೇ ನುಣ್ಣಗೆ ಪುಡಿ ಮಾಡಿದರೂ ತೆಂಗಿನ ಹಿಟ್ಟಿನ ಹಾಗೆ ನೀರು ಹೀರುವುದಿಲ್ಲ. ತೆಂಗಿನ ಹಿಟ್ಟಿನ ಅಳತೆ ಓದಿ ಕೊಬ್ಬರಿ ಪುಡಿ ಹಾಕಿದರೆ ಕಾವಲಿ ಮೇಲೆ ಎಲ್ಲ ಹರಡಿಕೊಳ್ಳುತ್ತದೆ. ಮನೆಯಲ್ಲಿ ಕಾಯಿಹಾಲು ಹಿಂಡಿದ ಮೇಲೆ ಉಳಿದ ಚರಟವನ್ನು ಒಣಗಿಸಿ ಪುಡಿ ಮಾಡಿಕೊಂಡರೆ ತೆಂಗಿನ ಹಿಟ್ಟಿಗೆ ಹತ್ತಿರ ಬರುತ್ತದೆ. ಆದರೆ ಅದರಲ್ಲೂ ಎಣ್ಣೆ ಸ್ವಲ್ಪ ಜಾಸ್ತಿಯೇ ಉಳಿದಿರುತ್ತದೆ. ಹಾಗಾಗಿ ಹಾಲನ್ನು ಹಿಡಿತದಲ್ಲಿ ಹಾಕಿ.

ಇನ್ನೊಂದು ಮಾತು. ಎರಡಕ್ಕೂ ಕಪ್ ಅಳತೆಗಿಂತ ತಕ್ಕಡಿ ವಾಸಿ. ಒತ್ತಿ ತುಂಬಿದ ಕಪ್‌ಗೂ ಸಡಿಲವಾಗಿ ತುಂಬಿದ ಕಪ್‌ಗೂ ಸುಮಾರು ವ್ಯತ್ಯಾಸ ಬರುತ್ತದೆ. ತೆಂಗಿನ ಹಿಟ್ಟಿನಲ್ಲಿ ಹತ್ತು ಗ್ರಾಂ ಹೆಚ್ಚಾದರೂ ಕೆಲಸ ಕೆಡುತ್ತದೆ. ಕಾಲು ಕಪ್ ತೆಂಗಿನ ಹಿಟ್ಟು ಅಂದರೆ ಸುಮಾರು 30 ಗ್ರಾಂ, ಒಂದು ಕಪ್ ಬಾದಾಮಿ ಹಿಟ್ಟು ಅಂದರೆ ಸುಮಾರು 100 ಗ್ರಾಂ ಅಂತ ಇಟ್ಟುಕೊಳ್ಳಿ.

ಪ್ಯಾನ್‌ಕೇಕ್‌ಗೆ: ಬೆರೆಸಿದ್ದೇ ಮೇಲು

ಬರೀ ಬಾದಾಮಿ ಹಿಟ್ಟಿನ ಪ್ಯಾನ್‌ಕೇಕ್ ರುಚಿಯಾಗಿರುತ್ತದೆ, ಸುಳ್ಳಲ್ಲ. 100 ಗ್ರಾಂ ಹಿಟ್ಟು, ಎರಡು ಮೊಟ್ಟೆ, ಕಾಲು ಕಪ್ ಹಾಲು, ಒಂದು ದೊಡ್ಡ ಚಮಚ ಕರಗಿದ ಬೆಣ್ಣೆ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಕಲಸಿದ ತಕ್ಷಣ ಕಾವಲಿಗೆ ಹಾಕಬಹುದು, ಕಾಯುವ ಕೆಲಸವಿಲ್ಲ. ತೊಂದರೆ ಏನೆಂದರೆ ಅದು ಉಬ್ಬುವುದಕ್ಕಿಂತ ಹರಡುವುದೇ ಜಾಸ್ತಿ. ನಾಲ್ಕು ತಿಂದರೆ ಹೊಟ್ಟೆ ಭಾರ. ಅಷ್ಟು ಜಿಡ್ಡಿದ್ದರೆ ಆಗದೇ ಇರುತ್ತದೆಯೇ?

ಬರೀ ತೆಂಗಿನ ಹಿಟ್ಟಿನದು ಹಗುರ, ಸ್ಪಂಜಿನ ಹಾಗೆ ಮೆತ್ತಗೆ. 30 ಗ್ರಾಂ ಹಿಟ್ಟು, ಮೂರು ಮೊಟ್ಟೆ, ಕಾಲು ಕಪ್ ಹಾಲು, ಒಂದು ದೊಡ್ಡ ಚಮಚ ಎಣ್ಣೆ, ಕಾಲು ಸಣ್ಣ ಚಮಚ ಅಡುಗೆ ಸೋಡಾ, ಅದಕ್ಕೆ ಅರ್ಧ ಸಣ್ಣ ಚಮಚ ನಿಂಬೆರಸ. ಇದರಲ್ಲಿ ಮೊಟ್ಟೆ ವಾಸನೆ ಎದ್ದು ಕಾಣುತ್ತದೆ. ವೆನಿಲ್ಲಾ, ಏಲಕ್ಕಿ ಅಥವಾ ದಾಲ್ಚಿನ್ನಿ ಹಾಕಿದರೆ ಅಡಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಗುಚುವುದಂತೂ ನಾಜೂಕಿನ ಕೆಲಸ.

ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಳ್ಳುತ್ತದೆ. ತೆಂಗಿನ ಹಿಟ್ಟು ಹೆಚ್ಚಿನ ನೀರನ್ನು ಹೀರಿ ಹರಡದ ಹಾಗೆ ನೋಡಿಕೊಳ್ಳುತ್ತದೆ. ಬಾದಾಮಿಯ ಜಿಡ್ಡು ಒಣಗದ ಹಾಗೆ ಕಾಯುತ್ತದೆ. 75 ಗ್ರಾಂ ಬಾದಾಮಿ ಹಿಟ್ಟು, 15 ಗ್ರಾಂ ತೆಂಗಿನ ಹಿಟ್ಟು, ಮೂರು ಮೊಟ್ಟೆ, ಕಾಲು ಕಪ್ ಹಾಲು, ಒಂದು ದೊಡ್ಡ ಚಮಚ ಬೆಣ್ಣೆ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್. ಐದು ನಿಮಿಷ ಬಿಡಿ. ಸೌಟಿನಿಂದ ಸುರಿದರೆ ದಪ್ಪ ಧಾರೆಯಾಗಿ ಬೀಳಬೇಕು, ಬಿದ್ದ ಜಾಗದಲ್ಲೇ ನಿಧಾನಕ್ಕೆ ಅಗಲವಾಗಬೇಕು. ಇಬ್ಬರಿಗೆ ಸಾಕಾಗುತ್ತದೆ.

ಬೇಯಿಸುವುದರಲ್ಲಿ ಮೈದಾ ಪ್ಯಾನ್‌ಕೇಕ್‌ನ ಅಭ್ಯಾಸ ಬಿಡಬೇಕು. ಮೇಲೆ ಗುಳ್ಳೆ ಬಂದು ಒಡೆಯಲಿ ಅಂತ ಕಾಯುತ್ತಾ ಕೂತರೆ ಕೆಳಗೆ ಕರಕಲು. ಈ ಹಿಟ್ಟುಗಳಲ್ಲಿ ಗುಳ್ಳೆ ಸರಿಯಾಗಿ ಬರುವುದೇ ಇಲ್ಲ. ನೋಡಬೇಕಾದದ್ದು ಅಂಚು. ಹಸಿ ಇರುವಾಗ ಅಂಚು ಮಿರುಗುತ್ತಿರುತ್ತದೆ. ಮಿರುಗು ಹೋಗಿ ಮಂಕಾಗಿ, ಸುತ್ತ ಒಂದು ಬೆರಳಗಲ ಗಟ್ಟಿಯಾಯಿತು ಅಂದರೆ ಮಗುಚುವ ಸಮಯ. ಉರಿ ಮಧ್ಯಮಕ್ಕಿಂತ ಒಂದು ಹಂತ ಕೆಳಗೇ ಇರಲಿ, ಬಾದಾಮಿ ಬೇಗ ಕೆಂಪಗಾಗುತ್ತದೆ. ಮೇಲೆ ಒಂದು ಮುಚ್ಚಳ ಹಾಕಿದರೆ ಆವಿಗೆ ಮೇಲ್ಭಾಗವೂ ಬೇಯುತ್ತದೆ, ಮಗುಚುವಾಗ ಚೆಲ್ಲುವುದಿಲ್ಲ. ಸೈಜ್ ಚಿಕ್ಕದಿರಲಿ. ಅಂಗೈಗಿಂತ ದೊಡ್ಡದು ಮಾಡಿದರೆ ಸಟ್ಟುಗದ ಮೇಲೆ ನಡು ಮುರಿಯುತ್ತದೆ.

ಬೆಣ್ಣೆಯ ಬದಲು ತೆಂಗಿನೆಣ್ಣೆ ಹಾಕುವವರು ಮೊಟ್ಟೆ, ಹಾಲನ್ನು ಫ್ರಿಜ್‌ನಿಂದ ಮೊದಲೇ ತೆಗೆದಿಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ತಣ್ಣನೆಯ ಮೊಟ್ಟೆಗೆ ಸುರಿದರೆ ಬಿಳಿ ಬಿಳಿ ಕಾಳು ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ಕದಡಿದರೂ ಕರಗುವುದಿಲ್ಲ.

ವಾಫಲ್‌ಗೆ: ಬಾದಾಮಿಗೆ ಸಾಟಿ ಇಲ್ಲ

ವಾಫಲ್ ಅಂದರೆ ಹೊರಗೆ ಗರಿಗರಿ ಇರಬೇಕು, ಅಲ್ವಾ? ಗರಿಗರಿ ಬರಬೇಕಾದರೆ ಮೇಲ್ಮೈಯ ನೀರು ಆವಿಯಾಗಿ ಹೋಗಬೇಕು, ಜಿಡ್ಡಿನಲ್ಲಿ ಅದು ಹುರಿದುಕೊಳ್ಳಬೇಕು. ತೆಂಗಿನ ನಾರು ಹಿಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಬರೀ ತೆಂಗಿನ ಹಿಟ್ಟಿನ ವಾಫಲ್ ಎಷ್ಟು ಹೊತ್ತು ಇಟ್ಟರೂ ಚೌಕುಳಿ ಅಚ್ಚು ಬಿದ್ದ ಮೆತ್ತನೆ ಕೇಕ್ ಆಗಿಯೇ ಉಳಿಯುತ್ತದೆ. ತಿನ್ನಲು ಕೆಟ್ಟದೇನಲ್ಲ. ವಾಫಲ್ ತಿಂದೆ ಅನಿಸುವುದಿಲ್ಲ, ಅಷ್ಟೆ.

ಬಾದಾಮಿ ಹಿಟ್ಟು 150 ಗ್ರಾಂ, ಮರಗೆಣಸಿನ ಪಿಷ್ಟ ಅಥವಾ ಆರಾರೂಟ್ ಪುಡಿ 30 ಗ್ರಾಂ, ಮೊಟ್ಟೆ ಮೂರು, ಹಾಲು ಕಾಲು ಕಪ್, ಕರಗಿದ ಬೆಣ್ಣೆ ಮೂರು ದೊಡ್ಡ ಚಮಚ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಉಪ್ಪು. ಈ ಪಿಷ್ಟ ಗೆಡ್ಡೆಯದು, ಧಾನ್ಯದ್ದಲ್ಲ. ಗರಿಗರಿಗೆ ಅದೇ ಆಧಾರ. ಕಾರ್ಬ್ ಲೆಕ್ಕ ಹಾಕುವವರು ಅದನ್ನು ಬಿಟ್ಟೂ ಮಾಡಬಹುದು, ಆಗ ಹಾಲು ಒಂದು ಚಮಚ ಕಡಿಮೆ ಮಾಡಿ. ಪುರುಸೊತ್ತು ಇದ್ದರೆ ಮೊಟ್ಟೆಯ ಬಿಳಿ ಬೇರೆ ಮಾಡಿ ನೊರೆ ನಿಲ್ಲುವ ತನಕ ಕಡೆದು, ಕೊನೆಯಲ್ಲಿ ಮೆಲ್ಲಗೆ ಸೇರಿಸಿ. ಒಳಗೆ ಹಗುರ ಬರುತ್ತದೆ. ಪ್ಯಾನ್‌ಕೇಕ್‌ಗೆ ಈ ಶ್ರಮ ದಂಡ.

ವಾಫಲ್ ಮೇಕರ್ ವಿಷಯದಲ್ಲಿ ಒಂದೇ ನಿಯಮ: ದೀಪವನ್ನು ನಂಬಬೇಡಿ, ಆವಿಯನ್ನು ನೋಡಿ. ಹಸಿರು ದೀಪ ಹತ್ತಿದ ಮೇಲೂ ಈ ಹಿಟ್ಟುಗಳಿಗೆ ಒಂದೆರಡು ನಿಮಿಷ ಜಾಸ್ತಿ ಬೇಕಾಗುತ್ತದೆ. ಹಿಟ್ಟು ಹಾಕಿ ಮುಚ್ಚಿದ ಕೂಡಲೇ ಅಂಚಿನಿಂದ ಆವಿ ನುಗ್ಗುತ್ತದೆ. ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಬಿಟ್ಟು ಬಿಟ್ಟು ಒಂದು ಎಳೆ ಬಂದರೆ ಇನ್ನೂ ಕಾಯಿರಿ. ಪೂರ್ತಿ ನಿಂತ ಮೇಲೆ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಿ. ತಡೆದ ಹಾಗೆ ಅನಿಸಿದರೆ ಬಲವಂತ ಬೇಡ, ಬಿಟ್ಟುಬಿಡಿ. ಎಳೆದರೆ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಅಂಟಿ ವಾಫಲ್ ಎರಡು ಸೀಳಾಗುತ್ತದೆ. ಆ ಸಂದುಗೊಂದುಗಳನ್ನು ಕೆರೆದು ತೆಗೆಯುವ ಕೆಲಸ ಯಾರಿಗೂ ಬೇಡ.

ತೆಗೆದಾಗ ಮೆತ್ತಗೇ ಇರುತ್ತದೆ, ಹೆದರಬೇಡಿ. ಜಾಲರಿ ಮೇಲೆ ಎರಡು ನಿಮಿಷ ಇಟ್ಟರೆ ಗಟ್ಟಿಯಾಗುತ್ತದೆ. ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ತನ್ನ ಆವಿಗೇ ತಾನು ಮೆತ್ತಗಾಗಿ ಮಾಡಿದ್ದೆಲ್ಲ ವ್ಯರ್ಥ. ಹಿಟ್ಟಿಗೆ ಸಕ್ಕರೆ, ಜೇನುತುಪ್ಪ ಹಾಕದಿದ್ದರೆ ಒಳ್ಳೆಯದು. ಸಿಹಿ ಇದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ, ಅಚ್ಚಿಗೆ ಅಂಟುತ್ತದೆ. ತಿನ್ನುವಾಗ ಮೇಲೆ ಹಾಕಿಕೊಳ್ಳಿ. ಅಚ್ಚಿಗೆ ಬ್ರಷ್‌ನಲ್ಲಿ ಎಣ್ಣೆ ಸವರಿ. ಡಬ್ಬಿಯಲ್ಲಿ ಬರುವ ಸ್ಪ್ರೇ ಬೇಡ. ಅದು ದಿನ ಕಳೆದಂತೆ ನಾನ್‌ಸ್ಟಿಕ್ ಮೇಲೆ ಜಿಗಟು ಪದರವಾಗಿ ಕೂರುತ್ತದೆ.

ಬೇಕಿಂಗ್ ಪೌಡರ್‌ನಲ್ಲಿ ಅಡಗಿರುವ ಧಾನ್ಯ

ಇದನ್ನು ಬಹಳ ಜನ ಗಮನಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಬೇಕಿಂಗ್ ಪೌಡರ್‌ಗೆ ತೇವ ಹಿಡಿಯದಿರಲಿ ಅಂತ ಪಿಷ್ಟ ಬೆರೆಸಿರುತ್ತಾರೆ. ಬಹಳಷ್ಟು ಸಲ ಅದು ಮೆಕ್ಕೆಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್. ಧಾನ್ಯವನ್ನು ಕಟ್ಟುನಿಟ್ಟಾಗಿ ಬಿಟ್ಟವರು ಒಂದು ಪಾಲು ಅಡುಗೆ ಸೋಡಾ, ಎರಡು ಪಾಲು ಕ್ರೀಮ್ ಆಫ್ ಟಾರ್ಟರ್ (ಒಂದು ಥರದ ಹುಳಿ ಪುಡಿ) ಬೆರೆಸಿಕೊಂಡರೆ ಸಾಕು. ಇದರಲ್ಲಿ ಪಿಷ್ಟ ಇಲ್ಲದಿರುವುದರಿಂದ ಪೌಡರ್‌ಗಿಂತ ಸ್ವಲ್ಪ ಕಡಿಮೆ ಹಾಕಿ. ಆಗಲೇ ಬೆರೆಸಿ ಆಗಲೇ ಬಳಸಿ.

ಮೊಟ್ಟೆ ಇಲ್ಲದೆ?

ಕಷ್ಟ. ಆದರೆ ಬಾದಾಮಿಯಲ್ಲಿ ಸಾಧ್ಯ. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿ, ಮೂರು ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಲೋಳೆ ಬರುತ್ತದೆ. ಅದರ ಜೊತೆ ಒಂದಿಷ್ಟು ಮರಗೆಣಸಿನ ಪಿಷ್ಟ ಸೇರಿಸಿ ಚಿಕ್ಕ ಚಿಕ್ಕ ಪ್ಯಾನ್‌ಕೇಕ್ ಮಾಡಬಹುದು. ಒಳಗೆ ಸ್ವಲ್ಪ ಹಸಿ ಹಸಿ ಅನಿಸುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ವಾಫಲ್ ಮೇಕರ್‌ಗೆ ಇದನ್ನು ಹಾಕಬೇಡಿ, ಅಂಟುವುದು ಗ್ಯಾರಂಟಿ. ತೆಂಗಿನ ಹಿಟ್ಟಿಗೆ ಅಗಸೆ ಲೋಳೆ ಸಾಲುವುದಿಲ್ಲ. ಮಗುಚುವ ಮೊದಲೇ ಪುಡಿಯಾಗುತ್ತದೆ.

ಯಾರಿಗೆ ಯಾವುದು ಆಗದು

ಬಾದಾಮಿ ಅಲರ್ಜಿ ಇದ್ದವರಿಗೆ ಪ್ರಶ್ನೆಯೇ ಇಲ್ಲ, ತೆಂಗಿನ ಹಿಟ್ಟೇ. ಬಾದಾಮಿ, ಗೋಡಂಬಿ ಆಗದ ಹೆಚ್ಚಿನವರಿಗೆ ತೆಂಗು ಆಗುತ್ತದೆ. ಆದರೂ ಕೆಲವರಿಗೆ ತೆಂಗಿನದೇ ಬೇರೆ ಅಲರ್ಜಿ ಇರುವುದುಂಟು, ಡಾಕ್ಟರನ್ನು ಒಂದು ಮಾತು ಕೇಳಿ. ಎರಡೂ ಆಗದವರಿಗೆ ಸೂರ್ಯಕಾಂತಿ ಬೀಜದ ಹಿಟ್ಟಿದೆ, ಬಾದಾಮಿ ಹಿಟ್ಟಿನಷ್ಟೇ ಅಳತೆಯಲ್ಲಿ ಹಾಕಬಹುದು. ಸೋಡಾ ಜೊತೆ ಸೇರಿದರೆ ಅದು ತಣ್ಣಗಾಗುತ್ತಾ ಹಸಿರು ಬಣ್ಣಕ್ಕೆ ತಿರುಗಬಹುದು. ಹಾಳಾಗಿದೆ ಅಂತ ಎಸೆಯಬೇಡಿ, ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾಕ್ಕೆ ಹಾಗೆ ಆಡುತ್ತದೆ. ಸ್ವಲ್ಪ ನಿಂಬೆರಸ ಹಿಂಡಿದರೆ ಕಡಿಮೆಯಾಗುತ್ತದೆ.

ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟೆನ್ ತಿಂದರೆ ಕರುಳು ಕೆಡುವ ಕಾಯಿಲೆ, ಇರುವವರು ಬಾದಾಮಿ, ತೆಂಗು ಅಂದ ಮಾತ್ರಕ್ಕೆ ನೆಮ್ಮದಿಯಾಗಬೇಡಿ. ಗೋಧಿ ಬೀಸುವ ಮಷಿನ್‌ನಲ್ಲೇ ಇದನ್ನೂ ಬೀಸಿದ್ದರೆ ಗ್ಲುಟೆನ್ ಸೇರಿರುತ್ತದೆ. ಪ್ಯಾಕೆಟ್ ಮೇಲೆ ಗ್ಲುಟೆನ್ ಇಲ್ಲ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ. ಮೈದಾ ವಾಫಲ್ ಮಾಡಿದ ಮೇಕರ್‌ನಲ್ಲೇ ಇದನ್ನೂ ಮಾಡುವುದು ಅವರಿಗೆ ಸರಿಹೋಗುವುದಿಲ್ಲ. ಆ ಚೌಕುಳಿಗಳನ್ನು ಪೂರ್ತಿ ತೊಳೆಯಲು ಆಗುವುದೇ ಇಲ್ಲ.

ಸಕ್ಕರೆ ಕಾಯಿಲೆಯವರಿಗೆ ಎರಡೂ ಮೈದಾಕ್ಕಿಂತ ವಾಸಿ, ಪಿಷ್ಟ ಕಡಿಮೆ ಅನ್ನುವ ಕಾರಣಕ್ಕೆ. ಮೇಲೆ ಮೇಪಲ್ ಸಿರಪ್ ಸುರಿದುಕೊಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ತೂಕ ಇಳಿಸಲು ಹೊರಟವರು ಬಾದಾಮಿ ವಾಫಲ್ ಅನ್ನು ಲೆಕ್ಕವಿಟ್ಟು ತಿನ್ನಿ, ಜಿಡ್ಡು ಸುಮ್ನೆ ಹೋಗುವುದಿಲ್ಲ. ತೆಂಗಿನ ಹಿಟ್ಟಿಗೆ ಹೊಸಬರು ಮೊದಲ ದಿನವೇ ಹೊಟ್ಟೆ ತುಂಬ ತಿನ್ನಬೇಡಿ. ಅಷ್ಟು ನಾರು ಅಭ್ಯಾಸವಿಲ್ಲದ ಹೊಟ್ಟೆ ಉಬ್ಬರಿಸುತ್ತದೆ. ನೀರು ಚೆನ್ನಾಗಿ ಕುಡಿಯಿರಿ.

ಎತ್ತಿಡುವುದು

ಬಾದಾಮಿ ಹಿಟ್ಟು ಹೊರಗಿಟ್ಟರೆ ಜಿಡ್ಡು ಕಮಟಾಗುತ್ತದೆ. ಪ್ಯಾಕೆಟ್ ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ತಿಂಗಳುಗಟ್ಟಲೆ ಬೇಕು ಅಂದರೆ ಫ್ರೀಜರ್‌ನಲ್ಲಿ. ಕಮಟು ವಾಸನೆ ಬಂದರೆ ವೆನಿಲ್ಲಾ ಹಾಕಿ ಮುಚ್ಚಲು ನೋಡಬೇಡಿ, ಚೆಲ್ಲಿಬಿಡಿ. ತೆಂಗಿನ ಹಿಟ್ಟು ಹೊರಗೇ ಇರಬಹುದು. ಆದರೆ ಗಾಳಿಯಲ್ಲಿರುವ ತೇವ ಹೀರಿ ಗಂಟಾಗುತ್ತದೆ, ಡಬ್ಬಿ ಬಿಗಿಯಾಗಿರಲಿ. ಹಾಕುವ ಮೊದಲು ಜರಡಿ ಹಿಡಿಯಿರಿ. ಆ ಗಂಟುಗಳು ಕದಡಿದರೆ ಒಡೆಯುವುದಿಲ್ಲ.

ಮಾಡಿಟ್ಟ ವಾಫಲ್ ಪೂರ್ತಿ ಆರಿದ ಮೇಲೆ ನಡುನಡುವೆ ಒಂದೊಂದು ಬೆಣ್ಣೆ ಕಾಗದ ಇಟ್ಟು ಫ್ರೀಜರ್‌ಗೆ ಹಾಕಬಹುದು. ಬೇಕಾದಾಗ ಹಾಗೇ ಟೋಸ್ಟರ್‌ಗೆ ಹಾಕಿ, ಕರಗಿಸುವ ಅಗತ್ಯವಿಲ್ಲ. ಬಾದಾಮಿಯದು ಟೋಸ್ಟರ್‌ನಿಂದ ಬಂದಾಗ ಮಾಡಿದ ದಿನಕ್ಕಿಂತಲೂ ಗರಿಗರಿ ಇರುತ್ತದೆ. ಪ್ಯಾನ್‌ಕೇಕ್ ಆದರೆ ಕಾವಲಿ ಮೇಲೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ತೆಂಗಿನದು ಮರುದಿನಕ್ಕೆ ಇನ್ನಷ್ಟು ಒಣಗಿರುತ್ತದೆ. ಅದನ್ನು ಎತ್ತಿಡುವ ಬದಲು ಬೇಕಾದಷ್ಟೇ ಮಾಡಿ, ಬಿಸಿಬಿಸಿ ಇರುವಾಗಲೇ ಮುಗಿಸಿ.